ಆಟದ ಸ್ಪರ್ಧೆಯಲ್ಲಿ ಮುಂಚೂಣಿಯವರನ್ನು ಮೊದಲೇ ಗುರುತಿಸಬಹುದೇ?

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದ ಸಮೀಪವಿರುವ ನನ್ನ ಕಚೇರಿಗೆ ಹಿಂದಿನ ವರ್ಷ ಹಳೆಯ ಕಕ್ಷಿದಾರರೊಬ್ಬರು ಬಂದರು. ಮಹದೇವಪುರದ ಕಡೆ ಅವರದೊಂದು ಪ್ರೆಸ್ ಷಾಪ್ ಇದೆ. ತಗಡಿನ ಬಿಡಿಭಾಗಗಳನ್ನು ಒತ್ತಿಕೊಡುವ ಉದ್ಯೋಗ. ಇಂಜಿನಿಯರಿಂಗ್ ಮುಗಿಸಿದ ಅವರ ಮಗ ಮೂವರು ಗೆಳೆಯರೊಡನೆ ಸೇರಿ ವಿಡಿಯೋ ಗೇಮ್ ತಯಾರಿಸಲು ಹೊರಟಿದ್ದ. ಅದಕ್ಕಾಗಿ ಕಾರ್ಖಾನೆಯ ಷೆಡ್ಡನ್ನು ಬ್ಯಾಂಕಿನಲ್ಲಿ ಅಡವಿಟ್ಟು 27 ಲಕ್ಷ ರೂಪಾಯಿ ಎತ್ತುವ ಆಲೋಚನೆ. "ಆಡಿಟರ್ ಸಾರ್, ಅಮೆರಿಕದಲ್ಲಿ ಏನೋ ಸ್ಪರ್ಧೆ ಇದೆಯಂತೆ. ಇವನ ಆಟ ಅದರಲ್ಲಿ ಗೆಲ್ಲುತ್ತೆ ಅಂತಾನೆ. ಕೊಡಲಾ, ಬೇಡವಾ?" ಎಂಬುದು ಅವರ ಪ್ರಶ್ನೆ.

ಇಸ್ಪೀಟು ಬಿಟ್ಟರೆ ಬೇರೆ ಆಟ ಅರಿಯದ ನಾನು ಕೆಲವು ತಿಂಗಳ ಕಾಲಾವಕಾಶ ಕೇಳಿ ಈ ವಿಷಯವನ್ನು ಅಭ್ಯಸಿಸಿದೆ. ಇಂಥ ಪ್ರಶ್ನೆ ಇತರ ಸದಸ್ಯರ ಮನೆಗಳಲ್ಲಿಯೂ ಏಳಬಹುದಾದ್ದರಿಂದ ಕಂಡುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರವು 2025ರ ಕಾಯಿದೆಯ ಮೂಲಕ ನಿಷೇಧಿಸಿತು. ನಾವು ಚರ್ಚಿಸುತ್ತಿರುವುದು ಅದಲ್ಲ. ಪುಸ್ತಕ ಅಥವಾ ಚಲನಚಿತ್ರದಂತೆ ಒಮ್ಮೆ ಬೆಲೆ ತೆತ್ತು ಕೊಳ್ಳುವ, ಸಣ್ಣ ತಂಡಗಳು ತಮ್ಮ ಸ್ವಂತ ಕಲ್ಪನೆಯಿಂದ ರಚಿಸುವ ಆಟಗಳು. ಇವುಗಳಿಗಾಗಿಯೇ ಇರುವ ಹಳೆಯ ಸ್ಪರ್ಧೆ, 1998ರಲ್ಲಿ ಸ್ಥಾಪನೆಯಾದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್. ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಜೊತೆಯಲ್ಲಿ ಇದರ ಪ್ರಶಸ್ತಿ ಪ್ರದಾನ ನಡೆಯುತ್ತ ಬಂದಿದೆ. ಇದರ ಮಹಾ ಬಹುಮಾನಕ್ಕೆ ಶಾಮಸ್ ಮೆಕ್‌ನ್ಯಾಲಿ ಎಂಬ ಯುವಕನ ಹೆಸರಿದೆ. ಆತನ 'ಟ್ರೆಡ್ ಮಾರ್ಕ್ಸ್' 2000ದಲ್ಲಿ ಬಹುಮಾನ ಪಡೆಯಿತು. ಅದೇ ತಿಂಗಳಲ್ಲಿ ಆತ ಕ್ಯಾನ್ಸರಿನಿಂದ ತೀರಿಕೊಂಡ.

ಆಯ್ಕೆಯ ಕ್ರಮ ಹೀಗಿದೆ. ಪ್ರವೇಶ ಶುಲ್ಕದೊಡನೆ ನೂರಾರು ಆಟಗಳು ಬರುತ್ತವೆ. ದೊಡ್ಡದೊಂದು ತೀರ್ಪುಗಾರರ ಬಳಗ ಅವನ್ನು ಆಡಿ ಶಿಫಾರಸು ಮಾಡುತ್ತದೆ. ಬಳಿಕ ದೃಶ್ಯ, ಧ್ವನಿ, ವಿನ್ಯಾಸ, ಕಥನ ಮೊದಲಾದ ವಿಭಾಗಗಳ ಪ್ರತ್ಯೇಕ ಸಮಿತಿಗಳು ಅಂತಿಮ ಪಟ್ಟಿಯನ್ನು ಸಿದ್ಧಪಡಿಸುತ್ತವೆ. ತೀರ್ಪುಗಾರರಲ್ಲಿ ಬಹುಮಂದಿ ಸ್ವತಃ ಆಟ ತಯಾರಿಸುವವರು ಅಥವಾ ಆ ಬಗ್ಗೆ ಬರೆಯುವವರು ಎಂಬುದನ್ನು ಗಮನಿಸಬೇಕು. ಗಿರಾಕಿಯ ರುಚಿಗೂ ಕಸುಬಿನವರ ರುಚಿಗೂ ವ್ಯತ್ಯಾಸವಿರುತ್ತದೆ. ಡೈ ತಯಾರಕ ಮೆಚ್ಚಿದ ಡೈಯನ್ನು ಖರೀದಿ ವಿಭಾಗ ಮೆಚ್ಚಲೇಬೇಕೆಂದಿಲ್ಲವಷ್ಟೆ.

ಹಿಂದಿನ ವಿಜೇತರ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ ಕೆಲವು ಲಕ್ಷಣಗಳು ಎದ್ದು ಕಾಣುತ್ತವೆ. 2013ರ ವಿಜೇತ 'ಕಾರ್ಟ್ ಲೈಫ್' ಬೀದಿಬದಿಯ ಸಣ್ಣ ವ್ಯಾಪಾರಿಗಳ ದಿನಚರಿ. ರಿಚರ್ಡ್ ಹಾಫ್‌ಮೈಯರ್ ಎಂಬಾತನ ರಚನೆ. 2014ರ 'ಪೇಪರ್ಸ್, ಪ್ಲೀಸ್'ನಲ್ಲಿ ಆಡುವವನು ಗಡಿಯಲ್ಲಿ ಕುಳಿತು ದಾಖಲೆ ಪರಿಶೀಲಿಸುವ ಗುಮಾಸ್ತ. ಅದನ್ನು ರಚಿಸಿದ ಲ್ಯೂಕಾಸ್ ಪೋಪ್ 2019ರಲ್ಲಿ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಆಟಕ್ಕಾಗಿ ಮತ್ತೊಮ್ಮೆ ಗೆದ್ದರು. ಅದರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಿಮಾ ಪರಿಶೀಲಕನೊಬ್ಬ ಹಡಗಿನ ನಷ್ಟವನ್ನು ಅಂದಾಜಿಸುತ್ತಾನೆ. (ಲೆಕ್ಕಪರಿಶೋಧಕನನ್ನು ನಾಯಕನನ್ನಾಗಿ ಮಾಡಿದ ಆಟ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.) 2024ರಲ್ಲಿ ಗೆದ್ದ 'ವೆಣ್ಬಾ' ನಮಗೆ ಇನ್ನೂ ಹತ್ತಿರದ್ದು. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿ, ಹಾಳಾದ ಪಾಕಪುಸ್ತಕದ ಅಳಿಸಿಹೋದ ಸಾಲುಗಳನ್ನು ಊಹಿಸಿ ಅಡುಗೆ ಮಾಡುತ್ತಾಳೆ; ಆರಂಭವಾಗುವುದೇ ಇಡ್ಲಿಯಿಂದ.

ಇವುಗಳಲ್ಲಿ ಸಮಾನವಾದುದೇನು? ಖರ್ಚಿನ ವೈಭವವಲ್ಲ. ಆಡುವವನ ಕೈ ಮಾಡುವ ಕೆಲಸವೂ ಕಥೆಯ ಹುರುಳೂ ಒಂದೇ ಆಗಿರುವುದು. ಮುದ್ರೆ ಒತ್ತುವಾಗಲೇ ಗುಮಾಸ್ತನ ಧರ್ಮಸಂಕಟ ಆಡುವವನಿಗೆ ತಟ್ಟುತ್ತದೆ. ಇಂಥ ಆಟವನ್ನು ಒಂದು ವಾಕ್ಯದಲ್ಲಿ ವಿವರಿಸಬಹುದು. ಆ ವಾಕ್ಯ ಬೇರೊಂದು ಆಟಕ್ಕೆ ಹೊಂದುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದೇ ಪ್ರಧಾನ ಲಕ್ಷಣ. ತಯಾರಕನ ಹಿಂದಿನ ಕೃತಿ, ಬೇರೆಡೆ ದೊರೆತ ಗಮನ, ಅಂತಿಮ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ವಿಭಾಗಗಳಲ್ಲಿ ಹೆಸರು ಇರುವುದು ಇವೂ ಸಹಾಯಕ ಸೂಚನೆಗಳೇ. 2011ರಲ್ಲಿ ಗೆದ್ದ 'ಮೈನ್‌ಕ್ರಾಫ್ಟ್' ಆ ವೇಳೆಗಾಗಲೇ ಹತ್ತು ಲಕ್ಷ ಪ್ರತಿಗಳನ್ನು ಮಾರಿತ್ತು. ಅದನ್ನು ಊಹಿಸಲು ಜ್ಯೋತಿಷ್ಯ ಬೇಕಿರಲಿಲ್ಲ.

ಆದರೆ ಲಕ್ಷಣ ಕಂಡಿತೆಂದರೆ ಗೆಲುವು ಕಂಡಿತೆಂದಲ್ಲ. ಲೆಕ್ಕದ ಅನುಕೂಲಕ್ಕಾಗಿ 400 ಆಟಗಳು ಬಂದವು, ಮಹಾ ಬಹುಮಾನದ ಅಂತಿಮ ಪಟ್ಟಿಗೆ 6 ಆಯ್ಕೆಯಾದವು ಎಂದುಕೊಳ್ಳೋಣ. ಏನೂ ತಿಳಿಯದೆ ಒಂದು ಆಟವನ್ನು ಹೆಸರಿಸಿದರೆ ಅದು ಪಟ್ಟಿಗೆ ಸೇರುವ ಸಂಭವ ನೂರಕ್ಕೆ ಒಂದೂವರೆ. ಗೆಲ್ಲುವ ಸಂಭವ ನೂರಕ್ಕೆ ಕಾಲು. ಮೇಲಿನ ಲಕ್ಷಣಗಳನ್ನೆಲ್ಲ ಹೊಂದಿದ ಆಟಕ್ಕೆ ಉದಾರವಾಗಿ ನಾಲ್ಕು ಪಟ್ಟು ಹೆಚ್ಚು ಅವಕಾಶ ಕೊಟ್ಟರೂ ಕ್ರಮವಾಗಿ ನೂರಕ್ಕೆ ಆರು ಮತ್ತು ಒಂದು. ಅಂದರೆ ಉತ್ತಮವೆಂದು ನಾವು ಗುರುತಿಸಿದ ನೂರು ಆಟಗಳಲ್ಲಿ 94 ಪಟ್ಟಿಯನ್ನೂ ತಲುಪುವುದಿಲ್ಲ. ಪಟ್ಟಿ ಪ್ರಕಟವಾದ ಮೇಲೆ ಆರರಲ್ಲಿ ಒಂದನ್ನು ಊಹಿಸುವುದು ಬೇರೆ ಮಾತು. ಆಗ ಅನುಭವಿಗಳ ಊಹೆಗೆ ಬೆಲೆಯುಂಟು. ಬಂಡವಾಳ ಹಾಕುವವನು ತೀರ್ಮಾನಿಸಬೇಕಾದದ್ದು ಮಾತ್ರ ಅದಕ್ಕೂ ಬಹಳ ಮುಂಚೆ.

ಗೆದ್ದರೂ ಹಣ ಯಾವಾಗ ಬರುತ್ತದೆ? 'ಔಟರ್ ವೈಲ್ಡ್ಸ್' ಮಹಾ ಬಹುಮಾನ ಪಡೆದದ್ದು 2015ರಲ್ಲಿ. ಮಾರಾಟಕ್ಕೆ ಬಂದದ್ದು 2019ರಲ್ಲಿ. ನಾಲ್ಕು ವರ್ಷಗಳ ಬಡ್ಡಿಯನ್ನು ನಮ್ಮ ಸದಸ್ಯರು ಮನಸ್ಸಿನಲ್ಲಿಯೇ ಗುಣಿಸಿಕೊಳ್ಳಬಹುದು. 'ಪೇಪರ್ಸ್, ಪ್ಲೀಸ್' ಹತ್ತು ವರ್ಷಗಳಲ್ಲಿ 50 ಲಕ್ಷ ಪ್ರತಿಗಳನ್ನು ದಾಟಿತು. 'ಕಾರ್ಟ್ ಲೈಫ್' ಅನ್ನು ಅದರ ಕರ್ತೃವೇ 2014ರಲ್ಲಿ ಮಾರಾಟದಿಂದ ಹಿಂತೆಗೆದು ಉಚಿತವಾಗಿ ಬಿಟ್ಟುಕೊಟ್ಟರು. ಒಂದೇ ಬಹುಮಾನ, ಎರಡು ಬಗೆಯ ಫಲ.

ಕಕ್ಷಿದಾರರಿಗೆ ನಾನು ಬಿಡಿಸಿ ತೋರಿಸಿದ ಲೆಕ್ಕ ಅವರ ಕಸುಬಿನದೇ. ಆಟವೆಂದರೆ ಪೂರ್ತಿ ಡೈ ಖರ್ಚು. ಬಿಡಿ ನಗದ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ನಾಲ್ವರಿಗೆ ತಿಂಗಳಿಗೆ ಒಂದೂವರೆ ಲಕ್ಷದಂತೆ 18 ತಿಂಗಳಿಗೆ 27 ಲಕ್ಷ. ಪ್ರತಿಯ ಬೆಲೆ 500 ರೂಪಾಯಿ ಎಂದಿಟ್ಟುಕೊಂಡರೆ, ಸ್ಟೀಮ್ ಮಳಿಗೆ ಸಾಮಾನ್ಯವಾಗಿ ನೂರಕ್ಕೆ 30ರಷ್ಟು ಮುರಿದುಕೊಳ್ಳುತ್ತದೆ. ಉಳಿದ 350ರಲ್ಲಿ ರಿಯಾಯಿತಿ, ಮರುಪಾವತಿ, ಅಮೆರಿಕದ ಮಾರಾಟದ ಮೇಲೆ ಅಲ್ಲಿಯೇ ಕಡಿತವಾಗುವ ತೆರಿಗೆ ಕಳೆದು ಸರಾಸರಿ 250 ಕೈಗೆ ಬಂದೀತು. 10,800 ಪ್ರತಿಗಳು ಮಾರಾಟವಾಗುವವರೆಗೆ ಅಸಲು ಹುಟ್ಟುವುದಿಲ್ಲ. ಬಡ್ಡಿಯ ಮಾತು ಬೇರೆ. ಇನ್ನೊಂದು ಸೂಕ್ಷ್ಮವಿದೆ. ಕೊಂಡು 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಗಿರಾಕಿಯು ಹಣ ವಾಪಸು ಕೇಳಬಹುದು. ತೀರ್ಪುಗಾರರು ಮೆಚ್ಚುವ ಚಿಕ್ಕ, ಅಚ್ಚುಕಟ್ಟಾದ ಆಟಗಳಿಗೆ ಈ ನಿಯಮವೇ ಮುಳುವಾಗಬಹುದು.

ಲೆಕ್ಕಪತ್ರದ ಬಗ್ಗೆ ಎರಡು ಮಾತು. ಎಎಸ್ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷವೇ ಖರ್ಚು ಬರೆಯಬೇಕು; ನಿಗದಿತ ಷರತ್ತುಗಳು ಪೂರೈಸಿದ ಮೇಲಿನ ಅಭಿವೃದ್ಧಿ ವೆಚ್ಚ ಮಾತ್ರ ಆಸ್ತಿಯಾಗುತ್ತದೆ. ಸ್ಪರ್ಧೆಯ ನಿರೀಕ್ಷೆ ಯಾವ ಷರತ್ತನ್ನೂ ಪೂರೈಸುವುದಿಲ್ಲ. ವಿದೇಶದಲ್ಲಿ ಕಡಿತವಾದ ತೆರಿಗೆಗೆ ಇಲ್ಲಿ ಜಮೆ ದೊರೆಯುವುದರಿಂದ ಅದರ ಪ್ರಮಾಣಪತ್ರಗಳನ್ನು ಜೋಪಾನ ಮಾಡತಕ್ಕದ್ದು.

ಹಾಗಾದರೆ ಈ ಮಾರ್ಗವನ್ನೇ ಬಿಡಬೇಕೇ? ಬೇಕಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ 1997ರಲ್ಲಿ ರಾಜೇಶ್ ರಾವ್ ಅವರು ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಪರದೇಶದ ಆಟಗಳಿಗೆ ಚಿತ್ರ, ಮಾದರಿಗಳನ್ನು ಸಿದ್ಧಪಡಿಸಿಕೊಡುತ್ತ ಬೆಳೆಯಿತು. ನಮ್ಮ ಭಾಷೆಯಲ್ಲಿ ಜಾಬ್ ವರ್ಕ್. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ 79 ಲಕ್ಷ ಡಾಲರಿಗೆ ಕೊಂಡಿತು. ಈ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ನೀತಿ ರೂಪಿಸಿತು. 2024ರಿಂದ 29ರವರೆಗಿನ ನೀತಿಯೂ ಇದೆ. ಬಹುಮಾನದ ಹಂಗಿಲ್ಲದೆ ಸಂಬಳ ಹುಟ್ಟಿಸುವ ದಾರಿ ಇದು.

ಕೊನೆಗೆ ತಂದೆ, ಮಗ ಇಬ್ಬರನ್ನೂ ಕೂರಿಸಿಕೊಂಡು ಮಾತನಾಡಿದೆ. ಷೆಡ್ಡಿನ ಪತ್ರಗಳು ಲಾಕರಿನಲ್ಲಿಯೇ ಉಳಿದವು. ತಂದೆ ಉಳಿತಾಯದಿಂದ 9 ಲಕ್ಷವನ್ನು ಮೂರು ಕಂತುಗಳಲ್ಲಿ ಕೊಡಲು ಒಪ್ಪಿದರು. ಆಡಲು ಸಿದ್ಧವಾದ ಒಂದೊಂದು ಭಾಗವನ್ನು ಅಪರಿಚಿತರ ಮುಂದಿಟ್ಟು ಪರೀಕ್ಷಿಸಿದ ನಂತರವೇ ಮುಂದಿನ ಕಂತು. ಹುಡುಗ ಮುನಿಸಿಕೊಂಡ. "ಅಪ್ಪ, ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿಬಿಡಿ" ಎಂದ. ತಂದೆ, "ನಂಬಿಕೆ ಇಲ್ಲದಿದ್ದರೆ ಒಂದು ಕಂತೂ ಕೊಡ್ತಿರಲಿಲ್ಲ ಕಣೋ" ಎಂದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಆಟವನ್ನು ಸ್ಪರ್ಧೆಗೆ ಕಳುಹಿಸಿದರು. ಅಂತಿಮ ಪಟ್ಟಿಗೆ ಬರಲಿಲ್ಲ. ಈಗ ತಂಡವು ತಿಂಗಳಲ್ಲಿ ಅರ್ಧ ದಿನ ಹೊರಗಿನವರಿಗೆ ಚಿತ್ರ ಬಿಡಿಸಿಕೊಡುತ್ತಿದೆ, ಉಳಿದರ್ಧ ತಮ್ಮ ಆಟ. ಎರಡನೆಯ ಕಂತಿನ ದಿನ ಸಮೀಪಿಸಿದೆ. ಅಪರಿಚಿತ ಪರೀಕ್ಷಕರ ಲೆಕ್ಕಕ್ಕೆ ನನ್ನನ್ನೂ ಸೇರಿಸಿ, ಮೊದಲ ಭಾಗವನ್ನು ಕಚೇರಿಯ ಕಂಪ್ಯೂಟರಿನಲ್ಲಿ ಹಾಕಿಕೊಟ್ಟು ಹೋಗಿದ್ದಾರೆ. ಎರಡನೆಯ ಬಾಗಿಲು ತೆರೆಯುವ ಬಗೆ ನನಗಿನ್ನೂ ತಿಳಿದಿಲ್ಲ. ಅದನ್ನು ಹಾಗೆಯೇ ಬರೆದು ಕೊಟ್ಟಿದ್ದೇನೆ.