ನೆಲದ ನುಡಿಗೆ ದೊರೆತ ಮನ್ನಣೆ

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಭೀಮೆಯು ಜೇವರ್ಗಿಯ ಸೀಮೆಯನ್ನು ಹಾದು ಕೃಷ್ಣೆಯತ್ತ ಸಾಗುತ್ತದೆ. ಈ ಎರೆಯ ನೆಲದಲ್ಲಿ ತೊಗರಿ, ಜೋಳಗಳು ಬೆಳೆಯುವಂತೆಯೇ ಒಂದು ಬಗೆಯ ಕನ್ನಡವೂ ಬೆಳೆದು ಬಂದಿದೆ. ಪುಸ್ತಕದ ಭಾಷೆಯಲ್ಲಿ ‘ಮಳೆ ಬರುತ್ತಿದೆ’ ಎಂದು ಬರೆಯುವುದನ್ನು ಇಲ್ಲಿಯ ರೈತನು ‘ಮಳಿ ಬರ್ಲಾಕತ್ತದ’ ಎನ್ನುತ್ತಾನೆ. ‘ಖರೇ’, ‘ಜಲ್ದಿ’ ಮುಂತಾದ ಮಾತುಗಳು ಅವನ ನಾಲಗೆಯ ಮೇಲೆ ಸಹಜವಾಗಿ ಸುಳಿಯುತ್ತವೆ. ಹೀಗೆ ಮಾತನಾಡುವವರ ಬಾಳು ಕಥೆಯಾಗಬಲ್ಲದೆ? ಅವರ ಮಾತು ಸಾಹಿತ್ಯದ ಮಾತಾಗಬಲ್ಲದೆ? ಈ ಪ್ರಶ್ನೆಗೆ ತಮ್ಮ ಬರಹದಿಂದಲೇ ಉತ್ತರ ಕೊಟ್ಟವರಲ್ಲಿ ಶ್ರೀಮತಿ ಗೀತಾ ನಾಗಭೂಷಣ ಅವರು ಪ್ರಮುಖರು.

ಈ ಪ್ರಶ್ನೆಯು ಏಕೆ ಹುಟ್ಟಿತೆಂಬುದನ್ನು ಮೊದಲು ಅರಿಯಬೇಕು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ರಚಿತವಾದುದು ರಾಷ್ಟ್ರಕೂಟರ ಆಸ್ಥಾನದಲ್ಲಿ. ಅವರ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡ ನುಡಿಯು ಒಂದೇ ಬಗೆಯದಲ್ಲ, ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬ ಅರಿವು ಆ ಗ್ರಂಥದಲ್ಲಿಯೇ ಇದೆ. ಇಂತಹ ನಾಡು ಮುಂದೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತು. ಕಛೇರಿಯ ವ್ಯವಹಾರಕ್ಕೂ ಉನ್ನತ ಶಿಕ್ಷಣಕ್ಕೂ ಉರ್ದು ಮಾಧ್ಯಮವಾಯಿತು. ೧೯೪೮ರಲ್ಲಿ ಈ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡಿತು. ೧೯೫೬ರಲ್ಲಿ ಕಲಬುರಗಿಯು ಕನ್ನಡ ನಾಡಿನೊಡನೆ ಒಂದಾಯಿತು. ಅಷ್ಟು ಹೊತ್ತಿಗೆ ಮೈಸೂರು, ಧಾರವಾಡಗಳಲ್ಲಿ ಹೊಸಗನ್ನಡ ಸಾಹಿತ್ಯವು ಬೇರೂರಿ, ಪತ್ರಿಕೆಗಳೂ ಪ್ರಕಾಶಕರೂ ವಿಮರ್ಶಕರೂ ಬಹುಮಟ್ಟಿಗೆ ಅಲ್ಲಿಯೇ ನೆಲೆಸಿದ್ದರು. ಭೀಮಾತೀರದ ಬರಹಗಾರರು ದೂರ ನಿಂತು ಬಾಗಿಲು ತಟ್ಟುವವರಾದರು.

ಗೀತಾ ನಾಗಭೂಷಣ ಅವರು ೧೯೪೨ರಲ್ಲಿ ಕಲಬುರಗಿ ಸಮೀಪದ ಸಾವಳಗಿಯಲ್ಲಿ ಜನಿಸಿದರು. ತಂದೆ ಬಟ್ಟೆಯ ಗಿರಣಿಯಲ್ಲಿ ಕೂಲಿಕಾರರು. ಹೆಣ್ಣುಮಕ್ಕಳನ್ನು ಓದಿಸುವುದು ತೀರ ಅಪರೂಪವಾಗಿದ್ದ ಕಾಲದಲ್ಲಿ, ದುಡಿದು ಉಣ್ಣುವ ಆ ಮನೆಯ ಮಗಳು ಶಾಲೆಯ ಮೆಟ್ಟಿಲನ್ನು ಏರಿದಳು. ಮೆಟ್ರಿಕ್ ಆದ ಬಳಿಕ ಕಛೇರಿಯಲ್ಲಿ ಗುಮಾಸ್ತೆಯ ಕೆಲಸ ಮಾಡುತ್ತಲೇ ಓದನ್ನು ಮುಂದುವರಿಸಿ, ಪದವಿಗಳನ್ನು ಪಡೆದು, ಅಧ್ಯಾಪಕಿಯಾದರು. ಹಗಲಿನ ದುಡಿಮೆ ಮುಗಿದ ಮೇಲೆ ಉಳಿದ ವೇಳೆಯೇ ಅವರ ಬರವಣಿಗೆಯ ವೇಳೆ. ಅವರಿಗೆ ಯಾವ ಸಾಹಿತ್ಯ ಪಂಥದ ಆಸರೆಯೂ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನೂ ಸಣ್ಣಕಥೆ, ನಾಟಕಗಳನ್ನೂ ಅವರು ರಚಿಸಿದರು.

ಅವರ ಕಥಾಲೋಕದಲ್ಲಿ ಅರಸರಿಲ್ಲ, ಸಿರಿವಂತರ ವಿಲಾಸವಿಲ್ಲ. ಹೊಲದಲ್ಲಿ ಕಳೆ ಕೀಳುವ ಹೆಂಗಸು, ಗಂಡನ ಹೊಡೆತವನ್ನು ಸಹಿಸಿ ಮಕ್ಕಳಿಗೆ ರೊಟ್ಟಿ ಬಡಿಯುವ ತಾಯಿ, ದೇವರ ಹೆಸರಿನಲ್ಲಿ ಜೋಗಿಣಿಯಾಗಿ ಬಿಡಲ್ಪಟ್ಟ ಹುಡುಗಿ — ಇವರೇ ಅಲ್ಲಿಯ ನಾಯಕಿಯರು. ಅವರ ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿಯು ‘ಹೆಣ್ಣಿನ ಕೂಗು’ ಎಂಬ ಚಲನಚಿತ್ರವಾಯಿತು. ‘ಬದುಕು’ ಎಂಬ ದೊಡ್ಡ ಕಾದಂಬರಿಯಲ್ಲಿ ಒಬ್ಬಿಬ್ಬರ ಕಥೆಗಿಂತ ಒಂದು ಹಟ್ಟಿಯ ಇಡೀ ಬಾಳೇ ಮೈದಾಳಿದೆ. ಹಸಿವು, ಜಗಳ, ಜಾತ್ರೆ, ಹರಕೆ, ಪ್ರೀತಿ, ಸಾವು ಎಲ್ಲವೂ ಅಲ್ಲಿವೆ. ಪಾತ್ರಗಳು ಮಾತನಾಡುವುದು ಕಲಬುರಗಿಯ ಆಡುನುಡಿಯಲ್ಲಿಯೇ. ಹಟ್ಟಿಯ ಮುದುಕಿಯ ಬಾಯಲ್ಲಿ ಗ್ರಂಥದ ಭಾಷೆಯನ್ನು ಇಟ್ಟಿದ್ದರೆ ಆಕೆಯ ಸಿಟ್ಟೂ ನಗೆಯೂ ಸುಳ್ಳಾಗುತ್ತಿದ್ದವು.

ಓದುಗರು ಈ ಕೃತಿಗಳನ್ನು ಒಪ್ಪಿಕೊಂಡರು. ಆದರೆ ವಿಮರ್ಶೆಯ ಮನ್ನಣೆಯು ಬಹುಕಾಲ ದೊರೆಯಲಿಲ್ಲ. ಜನಪ್ರಿಯವಾದುದು ಗಂಭೀರವಲ್ಲವೆಂಬ ಭಾವನೆ ಒಂದು. ಹೆಂಗಸರ ಕಾದಂಬರಿಯೆಂದರೆ ಮನೆಯೊಳಗಿನ ಕಥೆಯೆಂಬ ಭಾವನೆ ಇನ್ನೊಂದು. ಆಡುನುಡಿಯು ಬೇರೆ ಸೀಮೆಯವರಿಗೆ ತಿಳಿಯದೆಂಬ ಆಕ್ಷೇಪ ಮತ್ತೊಂದು. ಈ ಮೂರನೆಯದರಲ್ಲಿ ಸ್ವಲ್ಪ ನಿಜವಿಲ್ಲದೆ ಇಲ್ಲ. ದಕ್ಷಿಣದ ಓದುಗನು ಇಂತಹ ಪುಟಗಳಲ್ಲಿ ಒಮ್ಮೊಮ್ಮೆ ತಡೆದು ನಿಲ್ಲಬೇಕಾಗುತ್ತದೆ. ಆದರೆ ಭೀಮಾತೀರದ ಮಕ್ಕಳು ಹಳೆಯ ಮೈಸೂರಿನ ಮಾತುಗಳನ್ನು ಕಷ್ಟಪಟ್ಟಾದರೂ ಅರಿತು ಓದಿಲ್ಲವೆ? ಆ ಶ್ರಮವು ಒಂದು ಕಡೆಯವರಿಗೆ ಮಾತ್ರ ಏಕೆ?

ಇಂತಹ ನಿರೀಕ್ಷೆಯು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಐರ್ಲೆಂಡಿನ ಜೇಮ್ಸ್ ಜಾಯ್ಸ್ ತನ್ನ ಊರಿನ ಸಾಮಾನ್ಯ ಜನರನ್ನು ಕುರಿತು ಬರೆದ ‘ಡಬ್ಲಿನರ್ಸ್’ ಕಥೆಗಳನ್ನು ೧೯೦೫ರಲ್ಲಿಯೇ ಪ್ರಕಾಶಕರಿಗೆ ಕಳುಹಿಸಿದನು. ಕೆಲವು ಒರಟು ಮಾತುಗಳಿಗೂ ಅಂಗಡಿಗಳ ನಿಜವಾದ ಹೆಸರುಗಳಿಗೂ ಪ್ರಕಾಶಕರು ಅಂಜಿದರು. ಒಮ್ಮೆ ಅಚ್ಚಾದ ಹಾಳೆಗಳನ್ನೇ ನಾಶಮಾಡಲಾಯಿತು. ಪುಸ್ತಕವು ಹೊರಬಂದುದು ೧೯೧೪ರಲ್ಲಿ. ಇಂದು ಅದು ಜಗತ್ತಿನ ಶ್ರೇಷ್ಠ ಕಥಾಸಂಗ್ರಹಗಳಲ್ಲಿ ಒಂದೆನಿಸಿದೆ. ಕಥೆಗಳು ಬದಲಾಗಲಿಲ್ಲ; ಅವುಗಳನ್ನು ನೋಡುವ ಕಣ್ಣು ಬದಲಾಯಿತು.

ಕನ್ನಡದಲ್ಲಿಯೂ ಆ ಕಣ್ಣು ನಿಧಾನವಾಗಿ ತೆರೆಯಿತು. ನಂಜನಗೂಡು ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವ ಅವರು ರಚಿಸಿದ ‘ಕುಸುಮಬಾಲೆ’ಗೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ೨೦೦೪ರಲ್ಲಿ ಅದೇ ಪ್ರಶಸ್ತಿಯು ‘ಬದುಕು’ ಕಾದಂಬರಿಗೆ ಸಂದಿತು. ಕನ್ನಡ ಕೃತಿಗಾಗಿ ಈ ಪ್ರಶಸ್ತಿಯನ್ನು ಪಡೆದ ಮೊದಲ ಲೇಖಕಿ ಗೀತಾ ನಾಗಭೂಷಣ ಅವರೇ. ೨೦೧೦ರಲ್ಲಿ ಗದಗಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೂ ಅವರನ್ನು ಅರಸಿ ಬಂದಿತು. ೨೦೨೦ರಲ್ಲಿ ಅವರು ಕಲಬುರಗಿಯಲ್ಲಿ ನಿಧನರಾದರು.

ಪ್ರಶಸ್ತಿಯು ಬಂದ ಮಾತ್ರಕ್ಕೆ ಒಬ್ಬ ಲೇಖಕರ ಬರಹವೆಲ್ಲ ಒಂದೇ ತೂಕದ್ದಾಗುವುದಿಲ್ಲ. ಬಾರದ ಮಾತ್ರಕ್ಕೆ ಹಗುರವಾಗುವುದೂ ಇಲ್ಲ. ಕೃತಿಯನ್ನು ಓದಿ, ಅದರ ಗುಣದೋಷಗಳನ್ನು ತೂಗಿ ನೋಡುವುದೇ ನಿಜವಾದ ವಿಮರ್ಶೆ. ಓದದೆ ಬದಿಗಿಡುವುದು ವಿಮರ್ಶೆಯಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಯಿಂದ ನಗರಕ್ಕೆ ಹೋದ ವಿದ್ಯಾರ್ಥಿಯು ತನ್ನ ಮಾತಿಗೆ ಯಾರಾದರೂ ನಕ್ಕಾರೆಂದು ಬಾಯಿ ಮುಚ್ಚಿ ಕೂರುವುದುಂಟು. ಅವನು ಪುಸ್ತಕದ ಕನ್ನಡವನ್ನು ಚೆನ್ನಾಗಿ ಕಲಿಯಲಿ. ಅದು ಎಲ್ಲ ಕನ್ನಡಿಗರನ್ನೂ ಬೆಸೆಯುವ ಭಾಷೆ. ಆದರೆ ತನ್ನ ಅವ್ವನ ಮಾತನ್ನು ಮರೆಯದಿರಲಿ. ಆ ಮಾತಿನಲ್ಲಿಯೂ ಒಂದು ದೊಡ್ಡ ಕಾದಂಬರಿಯನ್ನು ಬರೆಯಬಹುದೆಂಬುದನ್ನು ಗಿರಣಿಯ ಕೂಲಿಕಾರರ ಮಗಳೊಬ್ಬರು ತೋರಿಸಿಕೊಟ್ಟಿದ್ದಾರೆ.

ಅಭ್ಯಾಸ

೧. ಭೀಮಾತೀರದ ಬರಹಗಾರರು ‘ದೂರ ನಿಂತು ಬಾಗಿಲು ತಟ್ಟುವವರಾದರು’ ಎಂದು ಲೇಖಕರು ಏಕೆ ಹೇಳುತ್ತಾರೆ?

೨. ಗೀತಾ ನಾಗಭೂಷಣ ಅವರ ಕೃತಿಗಳಿಗೆ ವಿಮರ್ಶೆಯ ಮನ್ನಣೆಯು ತಡವಾಗಿ ದೊರೆತುದಕ್ಕೆ ಕಾರಣಗಳಾವುವು?

೩. ‘ಓದದೆ ಬದಿಗಿಡುವುದು ವಿಮರ್ಶೆಯಲ್ಲ’ — ಈ ಮಾತನ್ನು ವಿವರಿಸಿರಿ.

೪. ನಿಮ್ಮ ಊರಿನ ಆಡುನುಡಿಯ ಹತ್ತು ಪದಗಳನ್ನು ಹಿರಿಯರಿಂದ ಕೇಳಿ ಬರೆದು, ಅರ್ಥವನ್ನು ಕೊಡಿರಿ.