ಹಳೆ ಟ್ರೇಲರ್‌ನ ಕಮಾನು ಪ್ಲೇಟ್: ವೆಲ್ಡಿಂಗ್ ಬೇಡ, ಬದಲಿಸಿ

ತೊಕ್ಕೊಟ್ಟಿನಂಥ ಕಡಲ ಬದಿಯ ಊರಲ್ಲಿ ಉಪ್ಪುಗಾಳಿ, ಮಳೆನೀರು ಸೇರಿ ಟ್ರೇಲರ್‌ನ ಕಮಾನು ಪ್ಲೇಟ್‌ಗಳ ನಡುವೆ ಬೇಗ ತುಕ್ಕು ಹಿಡಿಸುತ್ತವೆ. ಗೊಬ್ಬರವೋ ಕೆಂಪುಕಲ್ಲೋ ಹೇರುವ ಮೊದಲು ಒಮ್ಮೆ ಬಗ್ಗಿ ನೋಡಿ.

ಪರೀಕ್ಷೆ: ಖಾಲಿ ಟ್ರೇಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎರಡೂ ಬದಿ ಆಕ್ಸಲ್‌ನಿಂದ ಚಾಸಿಸ್‌ವರೆಗಿನ ಎತ್ತರ ಅಳೆಯಿರಿ. ಒಂದು ಬದಿ ಕಡಿಮೆ ಬಂದರೆ ಆ ಕಮಾನು ಕುಸಿದಿರಬಹುದು. ತುಕ್ಕು ಉಜ್ಜಿ, ಮೊಬೈಲ್ ಟಾರ್ಚ್ ಹಾಕಿ ಸೆಂಟರ್ ಬೋಲ್ಟ್ ಸುತ್ತ ಬಿರುಕು ಹುಡುಕಿ. ಆ ಬೋಲ್ಟ್ ತುಂಡಾದರೆ ಆಕ್ಸಲ್ ಸರಿದು ಟಯರ್ ಬೇಗ ಸವೆಯುತ್ತದೆ.

ಬಿಚ್ಚುವಾಗ: ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಸ್ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಪ್ಲೇಟ್‌ಗಳಿಗೆ ಕ್ಲ್ಯಾಂಪ್ ಹಾಕಿ. ಇಲ್ಲದಿದ್ದರೆ ಸಿಡಿದು ಕೈಗೆ ಬಡಿಯುತ್ತವೆ.

"ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾಡಿಸಿದ್ರೆ ಸಾಕಲ್ವಾ?" ಸಾಲದು. ಬಿಸಿಗೆ ಉಕ್ಕಿನ ಹದ ಕೆಟ್ಟು ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಹೆದ್ದಾರಿ 66ರಲ್ಲಿ ಲೋಡ್ ಸಮೇತ ಹಾಗಾದರೆ ಹಿಂದೆ ಬರುವ ಬೈಕಿನವರ ಜೀವಕ್ಕೇ ಕುತ್ತು.

ಜೋಡಿಸುವಾಗ: ಅದೇ ಅಗಲ, ದಪ್ಪದ ಪ್ಲೇಟ್ ಹಾಕಿ. ಕಮಾನು ಪೂರ್ತಿ ಕುಸಿದಿದ್ದರೆ ಎರಡೂ ಬದಿ ಒಟ್ಟಿಗೆ ಬದಲಿಸಿ. ಸವೆದ ಬುಷ್, ಹಳೆ ಯು-ಬೋಲ್ಟ್ ಮತ್ತೆ ಬಳಸಬೇಡಿ. ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೊದಲ ಲೋಡ್ ಇಳಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡುವುದನ್ನು ಮರೀಬೇಡಿ.