ದೋಣಿ ಮಗುಚಿದರೆ ಹೊಣೆ ಯಾರದು?

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಗೆ ಹೋಗಿಬರಲು ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಅಂದು ಭಕ್ತರನ್ನು ತುಂಬಿಕೊಂಡ ಬೋಟೊಂದು ಸಮುದ್ರದಲ್ಲಿ ಮಗುಚಿ 16 ಮಂದಿ ಸತ್ತರು. ಹಾವೇರಿ ಕಡೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ಹಿಡಿಸುವುದಕ್ಕಿಂತ ಹೆಚ್ಚು ಜನ ಬೋಟಿನಲ್ಲಿದ್ದರು. ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ಇಂಥ ಸಾವುಗಳಾದಾಗ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಎಲ್ಲ ಹಣೆಬರಹ’. ಇನ್ನೊಂದು, ‘ಸರ್ಕಾರ ಪರಿಹಾರ ಘೋಷಿಸಿತಲ್ಲ’. ಕಾನೂನಿನ ಮುಂದೆ ಎರಡೂ ನಿಲ್ಲುವುದಿಲ್ಲ. ದುಡ್ಡು ಪಡೆದು ಜನರನ್ನು ನೀರಿನ ಮೇಲೆ ಕರೆದೊಯ್ಯುವವನ ಹೆಗಲ ಮೇಲೆ ಕಾನೂನು ದೊಡ್ಡ ಹೊಣೆ ಹೊರಿಸಿದೆ. ತೊಡಕು ಬೇರೆ ಕಡೆ ಇದೆ. ಆ ಹೊಣೆಯನ್ನು ಮುಂದೆ ಸಾಬೀತು ಮಾಡಬೇಕಾದ ಸಾಕ್ಷ್ಯ ಬಹುಪಾಲು ಇರುವುದು ದೋಣಿ ಹೊರಡುವ ಮುಂಚೆ, ದಕ್ಕೆಯ ಮೇಲೆ. ನಾವು ಅದನ್ನು ನೋಡುವುದೂ ಇಲ್ಲ, ಕೇಳುವುದೂ ಇಲ್ಲ.

ಹಿಂದಿನ ದುರಂತಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾರಣಗಳು ಬೇಸರ ಬರುವಷ್ಟು ಒಂದೇ ಬಗೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ಎರಡಂತಸ್ತಿನ ‘ಜಲಕನ್ಯಕಾ’ ಮಗುಚಿ 45 ಪ್ರವಾಸಿಗರು ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ಸರಿದಿದ್ದರು. ಮೇಲಂತಸ್ತಿನ ಭಾರ ಬೋಟನ್ನು ಉರುಳಿಸಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕತ್ತಲಾದ ಮೇಲೂ ಸಂಚರಿಸಿದ ಬೋಟು 22 ಜೀವ ತೆಗೆದುಕೊಂಡಿತು. ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ಬೋಟಾಗಿ ಮಾರ್ಪಡಿಸಿದ್ದು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. 14 ಜನರ ದೋಣಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಹತ್ತಿಸಲಾಗಿತ್ತು, ಜಾಕೆಟ್ ಎಲ್ಲರಿಗೂ ಸಿಕ್ಕಿರಲಿಲ್ಲ. ಬಿರುಗಾಳಿ, ಸುಂಟರಗಾಳಿ ಯಾವುದೂ ಇಲ್ಲಿ ಖಳನಾಯಕನಲ್ಲ. ಹರಣಿಯದು ಊರ ನಡುವಿನ ಕೆರೆ.

ಹತ್ತುವ ಮುಂಚೆ

ನದಿ, ಕೆರೆ, ಹಿನ್ನೀರಿನಲ್ಲಿ ಓಡುವ ಯಂತ್ರಚಾಲಿತ ದೋಣಿಗಳಿಗೆ ಈಗ ಅನ್ವಯವಾಗುವುದು 2021ರ ಇನ್‌ಲ್ಯಾಂಡ್ ವೆಸಲ್ಸ್ ಆ್ಯಕ್ಟ್. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ಇದರ ಪ್ರಕಾರ ದೋಣಿಗೆ ನೋಂದಣಿ ಇರಬೇಕು, ತಪಾಸಣೆಯ ಪ್ರಮಾಣಪತ್ರ ಇರಬೇಕು, ವಿಮೆ ಇರಬೇಕು. ನಡೆಸುವವನಿಗೆ ಅರ್ಹತಾ ಪತ್ರ ಬೇಕು. ಜೀವರಕ್ಷಕ ಸಾಮಗ್ರಿ, ಬೆಂಕಿ ನಂದಿಸುವ ಸಲಕರಣೆ ದೋಣಿಯಲ್ಲೇ ಇರಬೇಕು. ಎಂಜಿನ್ ಇಲ್ಲದ ದೋಣಿಗಳ ದಾಖಲಾತಿ, ಸುರಕ್ಷತೆಯ ವಿಚಾರದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಪಾತ್ರ ಕೊಡುವ ಅವಕಾಶವನ್ನೂ ಕಾಯ್ದೆ ಇಟ್ಟಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆಂದು ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲೆ ಕೊರತೆಯೇನಿಲ್ಲ.

ಪ್ರಯಾಣಿಕನಿಗೆ ಇಷ್ಟೆಲ್ಲ ಕಾಗದ ತೆರೆಸಿ ನೋಡುವ ಪುರುಸೊತ್ತು ಇರುವುದಿಲ್ಲ, ನಿಜ. ಆದರೆ ದೋಣಿಯ ಮೈಮೇಲೆ ನೋಂದಣಿ ಸಂಖ್ಯೆ ಬರೆದಿದೆಯೇ, ಎಷ್ಟು ಜನರಿಗೆ ಅನುಮತಿ ಎಂದು ಬರೆದಿದೆಯೇ ಎಂದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಎರಡೂ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಮನೆಯವರಿಗೆ ವಾಟ್ಸ್ಆ್ಯಪ್ ಮಾಡಿ. ಫೋನು ನೀರಿಗೆ ಬಿದ್ದರೂ ಚಿತ್ರ ದಡದಲ್ಲಿರುತ್ತದೆ. ಟಿಕೆಟ್ ಕೇಳಿ ಪಡೆಯಿರಿ. ‘ಚೀಟಿ ಯಾಕೆ ಸಾರ್, ಹತ್ತಿ’ ಎನ್ನುವವನ ದೋಣಿ ಹತ್ತಬೇಡಿ. ಗೂಗಲ್ ಪೇ, ಫೋನ್‌ಪೇ ಮೂಲಕ ಕೊಟ್ಟರೆ ಹಣ ಪಾವತಿಯ ದಾಖಲೆಯಾದರೂ ಉಳಿಯುತ್ತದೆ. ಕೊಂಡ ಸೇವೆಗೆ ರಸೀದಿ ಕೊಡದಿರುವುದೇ ಗ್ರಾಹಕ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಇನ್ನು ಜಾಕೆಟ್ಟಿನ ಮಾತು. ಎಷ್ಟೋ ಬೋಟುಗಳಲ್ಲಿ ಅವು ಛಾವಣಿಯ ಕಂಬಿಗೆ ಸುತಲಿ ಹಗ್ಗದಲ್ಲಿ ಕಟ್ಟಿಹಾಕಿ ಒಣಗುತ್ತಿರುತ್ತವೆ, ಇಲ್ಲವೇ ಸೀಟಿನಡಿ ಮೂಟೆಯಾಗಿ ಬಿದ್ದಿರುತ್ತವೆ. ದೋಣಿ ಮಗುಚಲು ಹತ್ತು ಸೆಕೆಂಡೂ ಬೇಡ; ಆಗ ಗಂಟು ಬಿಚ್ಚುವವರು ಯಾರು? ಜಾಕೆಟ್ ಹಾಕಿಕೊಂಡ ಮೇಲೆ ಬಕಲ್‌ಗಳನ್ನೆಲ್ಲ ಬಿಗಿದು, ಜತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಗಲ್ಲ, ಕಿವಿಯವರೆಗೆ ಏರಿ ಬಂದರೆ ನೀರಿನಲ್ಲೂ ಹಾಗೆಯೇ ಏರುತ್ತದೆ, ತಲೆ ಒಳಗೆ ಜಾರುತ್ತದೆ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ತೊಡಿಸುವುದು ಇದೇ ಕಾರಣಕ್ಕೆ ಅಪಾಯ. ಮಕ್ಕಳ ಅಳತೆಯದು ಇಲ್ಲವೆಂದರೆ ಮಗುವಿನೊಂದಿಗೆ ನೀವೂ ದಡದಲ್ಲೇ ಉಳಿಯಿರಿ. ಟಿಕೆಟ್ ಹಣ ವಾಪಸ್ ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ. ಸುರಕ್ಷಿತವಲ್ಲದ ಸೇವೆ ಕೊಟ್ಟು ಹಣ ಇಟ್ಟುಕೊಳ್ಳುವುದು ಸೇವಾ ನ್ಯೂನತೆ.

ಅಕಸ್ಮಾತ್ ದೋಣಿ ಮಗುಚಿದರೆ, ತೇಲುತ್ತಿರುವಷ್ಟು ಹೊತ್ತು ಅದನ್ನೇ ಹಿಡಿದುಕೊಂಡಿರಿ. ದಡ ಹತ್ತಿರವೇ ಇದೆ ಎಂದು ಈಜಲು ಹೊರಟವರು ದಾರಿಯಲ್ಲಿ ಸೋಲುತ್ತಾರೆ. ದಡದಲ್ಲಿದ್ದವರು ನೀರಿಗೆ ಹಾರುವ ಬದಲು ಹಗ್ಗ, ಖಾಲಿ ಕ್ಯಾನ್, ಏನಾದರೂ ತೇಲುವಂಥದ್ದು ಎಸೆಯಲಿ. ಸಮುದ್ರದಲ್ಲಾದರೆ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಪೊಲೀಸರ 1093, ಉಳಿದೆಡೆ 112.

ಠಾಣೆಯಲ್ಲಿ

ನೀರಿನಲ್ಲಿ ಸಾವಾದಾಗ ಠಾಣೆಯಲ್ಲಿ ಮೊದಲು ತೆರೆಯುವ ಕಡತ ಸಾಮಾನ್ಯವಾಗಿ ‘ಅಸಹಜ ಸಾವು’, ಪೊಲೀಸರ ಬಾಯಲ್ಲಿ ಯುಡಿಆರ್. ದುಃಖದಲ್ಲಿರುವ ಮನೆಯವರು ಸಹಿ ಹಾಕಿ, ಮರಣೋತ್ತರ ಪರೀಕ್ಷೆ ಮುಗಿಸಿ, ಶವ ತೆಗೆದುಕೊಂಡು ಊರಿಗೆ ಹೊರಡುತ್ತಾರೆ. ಎಷ್ಟೋ ಪ್ರಕರಣ ಅಲ್ಲಿಗೇ ನಿಂತುಬಿಡುತ್ತದೆ. ಯುಡಿಆರ್ ಸಾವಿನ ಕಾರಣ ತಿಳಿಯುವ ವಿಚಾರಣೆ ಮಾತ್ರ, ಅದರಲ್ಲಿ ಆರೋಪಿ ಇರುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾಗಿದೆ ಎಂದು ಬರಹದಲ್ಲಿ ದೂರು ಕೊಟ್ಟು ಎಫ್‌ಐಆರ್ ಕೇಳಬೇಕು.

ಭಾರತೀಯ ನ್ಯಾಯ ಸಂಹಿತೆಯ ಮೂರು ಕಲಂಗಳನ್ನು ನೆನಪಿಡಿ. ಬಾಡಿಗೆ ಪಡೆದು, ಅಸುರಕ್ಷಿತ ಅಥವಾ ಮಿತಿಮೀರಿ ತುಂಬಿದ ದೋಣಿಯಲ್ಲಿ ಜನರನ್ನು ಸಾಗಿಸುವುದು 284ನೇ ಕಲಂ ಪ್ರಕಾರ ಅಪರಾಧ. ಇದಕ್ಕೆ ಸಾವಾಗಬೇಕೆಂದೇನೂ ಇಲ್ಲ. ಜೀವಕ್ಕೆ ಅಪಾಯವಾಗುವ ಸ್ಥಿತಿಯಲ್ಲಿ ಸಾಗಿಸಿದರೆ ಸಾಕು. ಆದರೆ ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಭಾನುವಾರದ ಕಲೆಕ್ಷನ್‌ನಲ್ಲಿ ತೀರಿಹೋಗುವ ದಂಡ ಯಾರನ್ನೂ ಹೆದರಿಸುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಕಲಂ, ಐದು ವರ್ಷಗಳವರೆಗೆ ಜೈಲು. ಸಾವು ಸಂಭವಿಸಬಹುದೆಂಬ ಅರಿವಿದ್ದೂ ಮಾಡಿದ ಕೃತ್ಯವಾದರೆ 105ನೇ ಕಲಂ, ಹತ್ತು ವರ್ಷಗಳವರೆಗೆ. ತಾನೂರಿನಲ್ಲಿ ಪೊಲೀಸರು ಬೋಟ್ ಮಾಲೀಕನ ಮೇಲೆ ಆಗಿನ ಐಪಿಸಿಯಡಿ ಕೊಲೆ ಪ್ರಕರಣವನ್ನೇ ದಾಖಲಿಸಿದರು. ಅಧಿಕಾರಿಗಳು ಎಚ್ಚರಿಸಿದ ಮೇಲೂ ಬೋಟು ಓಡಿಸಿದ್ದಕ್ಕೆ ದಾಖಲೆ ಸಿಕ್ಕರೆ, ಅದು ‘ಅಚಾತುರ್ಯ’ವಲ್ಲ, ಅರಿವಿದ್ದೂ ಮಾಡಿದ್ದು ಎಂದು ವಾದಿಸಲು ಬಲ ಬರುತ್ತದೆ. ಈ ಮೂರೂ ಕಲಂಗಳು 2024ರ ಜುಲೈ 1ರಿಂದೀಚೆಗಿನ ಘಟನೆಗಳಿಗೆ. ಅದಕ್ಕೂ ಹಿಂದಿನವಕ್ಕೆ ಐಪಿಸಿಯೇ.

ಘಟನೆ ಕಾರವಾರದಲ್ಲಾಗಿ ನೀವು ಗದಗದವರಾದರೆ, ಗದಗದ ಠಾಣೆಯಲ್ಲೇ ದೂರು ಕೊಡಬಹುದು. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಹೊರಗೆ ಕಳಿಸುವಂತಿಲ್ಲ. ಜೀರೋ ಎಫ್‌ಐಆರ್ ಮಾಡಿ ಸಂಬಂಧಿಸಿದ ಠಾಣೆಗೆ ಕಳಿಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅವರ ಕೆಲಸ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅದಕ್ಕೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದೂ ಅದೇ ಸಂಹಿತೆ ಹೇಳುತ್ತದೆ. ಕೇಳದಿದ್ದರೆ ಹೇಳುವವರಿಲ್ಲ, ಕೇಳಿ.

ಪರಿಹಾರ ಎಲ್ಲಿ ಕೇಳುವುದು

ಸರ್ಕಾರ ಘೋಷಿಸುವ ಲಕ್ಷಗಳು ನೆರವು ಮಾತ್ರ. ಅದನ್ನು ಪಡೆದರೆ ಬೋಟ್ ಮಾಲೀಕನ ಮೇಲಿನ ನಿಮ್ಮ ಹಕ್ಕು ಮುಗಿಯುವುದಿಲ್ಲ. ಈ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ.

ಸಾಮಾನ್ಯರಿಗೆ ಸುಲಭವಾದ ದಾರಿ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ದೊಡ್ಡ ಅನುಕೂಲಗಳಿವೆ. ಒಂದು, ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಹಾವೇರಿಯವರು ಕಾರವಾರಕ್ಕೆ ಅಲೆಯಬೇಕಿಲ್ಲ. ಇನ್ನೊಂದು, ಯಾವ ಆಯೋಗ, ಎಷ್ಟು ಶುಲ್ಕ ಎಂಬುದು ನೀವು ಕೇಳುವ ಪರಿಹಾರದ ಮೇಲೆ ನಿರ್ಧಾರವಾಗುವುದಿಲ್ಲ, ಸೇವೆಗೆ ನೀವು ಕೊಟ್ಟ ಹಣದ ಮೇಲೆ. 300 ರೂಪಾಯಿಯ ಟಿಕೆಟ್ ಕೊಂಡವರ ಮನೆಯವರು 30 ಲಕ್ಷ ಪರಿಹಾರ ಕೇಳಿದರೂ ದೂರು ಜಿಲ್ಲಾ ಆಯೋಗದಲ್ಲೇ, ಅದೂ ಶುಲ್ಕವಿಲ್ಲದೆ. ಗ್ರಾಹಕ ಸತ್ತಿದ್ದರೆ ವಾರಸುದಾರರು ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ.

ನೀರಿನ ಸಾವಿನ ಬಗ್ಗೆ ಗ್ರಾಹಕ ಕಾನೂನು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ 2019ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೋವಳಂ ಹೋಟೆಲಿನ ಈಜುಕೊಳದಲ್ಲಿ 2006ರಲ್ಲಿ ಅತಿಥಿಯೊಬ್ಬರು ಮುಳುಗಿ ಸತ್ತಿದ್ದರು. ಅಲ್ಲಿ ಜೀವರಕ್ಷಕನಾಗಿದ್ದವನಿಗೆ ಬಾರ್‌ನಲ್ಲಿ ಮದ್ಯ ಕೊಡುವ ಕೆಲಸವನ್ನೂ ಹಚ್ಚಲಾಗಿತ್ತು. ಒಬ್ಬನೇ ಎರಡು ಕೆಲಸ ಮಾಡುವ ಈ ಏರ್ಪಾಡೇ ಹೋಟೆಲಿನ ಲೋಪವೆಂದು ಒಪ್ಪಿ, ರಾಷ್ಟ್ರೀಯ ಆಯೋಗ ಕೊಡಿಸಿದ್ದ 62.5 ಲಕ್ಷ ರೂಪಾಯಿ ಪರಿಹಾರವನ್ನು ಕೋರ್ಟ್ ಎತ್ತಿಹಿಡಿಯಿತು. ಒಬ್ಬನೇ ಟಿಕೆಟ್ ಹರಿದು, ಬೋಟ್ ನಡೆಸಿ, ಜಾಕೆಟ್ ಹಂಚುವ ನಮ್ಮ ಕೆರೆಗಳ ಗುತ್ತಿಗೆದಾರರು ಈ ತೀರ್ಪನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

‘ಅನಾಹುತವಾದರೆ ನಾವು ಜವಾಬ್ದಾರರಲ್ಲ’ ಎಂಬ ಫಾರ್ಮಿಗೆ ರ‍್ಯಾಫ್ಟಿಂಗ್‌ನಂಥ ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಆಟದಲ್ಲಿ ಸಹಜವಾಗಿ ಇರುವ ಅಪಾಯ ನಿಮಗೆ ಗೊತ್ತಿತ್ತು ಎನ್ನುವುದಕ್ಕೆ ಅದು ಅವರ ಪಾಲಿನ ಸಾಕ್ಷಿಯಾದೀತು. ಆದರೆ ಕ್ರಿಮಿನಲ್ ಹೊಣೆಯನ್ನು ಸಹಿಯಿಂದ ಕಳೆದುಕೊಳ್ಳಲು ಬರುವುದಿಲ್ಲ. ಅಪ್ರಾಪ್ತ ಮಕ್ಕಳ ಸಹಿಗಂತೂ ಬೆಲೆಯೇ ಇಲ್ಲ. ಜಾಕೆಟ್ ಕೊಟ್ಟರೂ ನೀವು ಹಾಕಿಕೊಳ್ಳಲಿಲ್ಲ ಎಂಬ ವಾದ ಬಂದರೆ ಪರಿಹಾರ ಕಡಿಮೆಯಾಗುವ ಸಾಧ್ಯತೆ ಮಾತ್ರ ಇದೆ. ಸೆಖೆ, ಫೋಟೊ ಚೆನ್ನಾಗಿ ಬರಲ್ಲ ಎಂದು ಬಿಚ್ಚಿಡುವವರು ಇದನ್ನು ಗಮನಿಸಬೇಕು.

ಜಾತ್ರೆ, ತೆಪ್ಪೋತ್ಸವಗಳಲ್ಲಿ ಪುಕ್ಕಟೆಯಾಗಿ ದೋಣಿಯಲ್ಲಿ ಕರೆದೊಯ್ದಾಗ ಲೆಕ್ಕ ಬೇರೆ. ಹಣ ಕೊಡದ ಸೇವೆಗೆ ಗ್ರಾಹಕ ಕಾಯ್ದೆ ಅನ್ವಯವಾಗದು, 284ನೇ ಕಲಂ ಕೂಡ ಬಾಡಿಗೆಯ ಮಾತನ್ನೇ ಆಡುತ್ತದೆ. 106ನೇ ಕಲಂ ಮಾತ್ರ ಹಣ ಕೊಟ್ಟರೋ ಇಲ್ಲವೋ ಎಂದು ಕೇಳುವುದಿಲ್ಲ. ಅಂಥಲ್ಲಿ 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳ ಪರವಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಬೋಟಿಂಗ್ ಗುತ್ತಿಗೆ ಕೊಟ್ಟ ಪಾಲಿಕೆಯನ್ನೋ ಇಲಾಖೆಯನ್ನೋ ಪ್ರತಿವಾದಿ ಮಾಡುವ ಯೋಚನೆಯಿದ್ದರೆ, ಗುತ್ತಿಗೆ ಕರಾರು, ತಪಾಸಣಾ ವರದಿ, ವಿಮಾ ಪಾಲಿಸಿಯ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಮೊದಲೇ ತರಿಸಿಕೊಳ್ಳಿ. ಉತ್ತರಕ್ಕೆ ಅವರಿಗಿರುವ ಗಡುವು 30 ದಿನ.

ಶವ ಸಿಗದಿದ್ದರೆ

ಕಡಲಿನಲ್ಲಿ, ಪ್ರವಾಹದ ಹೊಳೆಯಲ್ಲಿ ಕೆಲವರ ಶವ ಸಿಗುವುದೇ ಇಲ್ಲ. ಮರಣ ಪ್ರಮಾಣಪತ್ರವಿಲ್ಲದೆ ವಿಮೆಯೂ ಇಲ್ಲ, ಬ್ಯಾಂಕಿನ ಹಣವೂ ಇಲ್ಲ, ಪೌತಿ ಖಾತೆಯೂ ಇಲ್ಲ. ‘ಏಳು ವರ್ಷ ಕಾಯಬೇಕು’ ಎಂದು ಕಚೇರಿಗಳಲ್ಲಿ ಹೇಳಿ ಕಳಿಸುತ್ತಾರೆ. ಏಳು ವರ್ಷದ ನಿಯಮ ಸಾಕ್ಷ್ಯ ಕಾನೂನಿನ ಒಂದು ಊಹೆ ಅಷ್ಟೆ. ಏನಾದರೆಂದೇ ತಿಳಿಯದೆ ಕಾಣೆಯಾದವರಿಗೆ ಹೇಳಿದ ಮಾತು. ಇಂಥ ದೋಣಿಯಲ್ಲಿದ್ದರು, ದೋಣಿ ಮುಳುಗಿತು, ಬದುಕುಳಿದವರು ಕಂಡಿದ್ದಾರೆ ಎಂಬ ಸಾಕ್ಷ್ಯವಿದ್ದರೆ ಅಷ್ಟು ಕಾಯದೆಯೇ ಮರಣ ಘೋಷಣೆ ಕೋರಿ ಸಿವಿಲ್ ಕೋರ್ಟಿಗೆ ಹೋಗಬಹುದು. ಆ ದಿನದ ನಾಪತ್ತೆ ದೂರು, ಜತೆಗಿದ್ದವರ ಹೇಳಿಕೆ, ಹತ್ತುವ ಮುಂಚೆ ಕಳಿಸಿದ ಫೋಟೊ ಎಲ್ಲವೂ ಅಲ್ಲಿ ಕೆಲಸಕ್ಕೆ ಬರುತ್ತವೆ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವ ಅವಧಿ ಎರಡು ವರ್ಷ. ಮಾರಕ ಅಪಘಾತಗಳ ಕಾಯ್ದೆಯ ದಾವೆಗೂ ಸಾವಿನ ದಿನದಿಂದ ಎರಡೇ ವರ್ಷ. ಕ್ರಿಮಿನಲ್ ಕೇಸು ಮುಗಿಯಲೆಂದು ಕಾದು ಕೂತರೆ ಈ ಗಡುವು ದಾಟಿಹೋಗುತ್ತದೆ, ಕಾಯಬೇಡಿ. ಗ್ರಾಹಕ ಸಹಾಯವಾಣಿ 1915. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.